ಮಫ್ತಿ ಚೆಲುವರಾಜು ಮತ್ತು ಅರವತ್ತನಾಲ್ಕನೇ ನೆಲೆ

ಬನ್ನೂರು ಕಡೆಯ ಹಳ್ಳಿಯಿಂದ ಬಂದು ಮೈಸೂರಿನಲ್ಲಿ ಪೊಲೀಸ್ ಕೆಲಸಕ್ಕೆ ಸೇರಿದ ಚೆಲುವರಾಜು ಮೊದಮೊದಲು ಎಲ್ಲರಂತೆ ಲಾಠಿ ಹಿಡಿದು ಸರ್ಕಲ್ಲುಗಳಲ್ಲಿ ನಿಂತವನೇ. ಆದರೆ ಅವನಿಗೊಂದು ಗುಣವಿತ್ತು. ಹೋಟೆಲಿನಲ್ಲಿ ಕಾಫಿ ಕುಡಿಯಲು ಕೂತರೆ ಪಕ್ಕದ ಮೇಜಿನ ಮಾತು ತಾನಾಗಿ ಕಿವಿಗೆ ಬೀಳುತ್ತಿತ್ತು, ಬಿದ್ದದ್ದು ಮರೆಯುತ್ತಿರಲಿಲ್ಲ. ಇದನ್ನು ಗಮನಿಸಿದ ಮೇಲಿನವರೊಬ್ಬರು ಅವನನ್ನು ಮಫ್ತಿ ಕೆಲಸಕ್ಕೆ ಹಾಕಿದರು. ಅಂದಿನಿಂದ ಖಾಕಿ ಟ್ರಂಕು ಸೇರಿತು. ಚೌಕುಳಿ ಶರ್ಟು ಹಾಕಿಕೊಂಡು, ಮಾರುಕಟ್ಟೆ, ಬಸ್ ಸ್ಟ್ಯಾಂಡು, ಲಾಡ್ಜುಗಳ ಮುಂದೆ ಸುಮ್ಮನೆ ಓಡಾಡಿ, ಯಾರು ಬಂದರು, ಯಾರು ಏನಂದರು ಎಂದು ಸಾಹೇಬರಿಗೆ ತಿಳಿಸುವುದೇ ಅವನ ಉದ್ಯೋಗವಾಯಿತು.

ಹತ್ತು ಹದಿನೈದು ವರ್ಷ ಹೀಗೆ ಬದುಕಿದ ಮೇಲೆ ಮನುಷ್ಯನ ಕಣ್ಣು ಬದಲಾಗಿಬಿಡುತ್ತದೆ. ಹಾಲಿನವನು ಒಂದು ದಿನ ತಡವಾಗಿ ಬಂದರೆ ಚೆಲುವರಾಜು ಎರಡು ಸಲ ಕಾರಣ ಕೇಳಿ, ಎರಡು ಉತ್ತರಗಳೂ ಹೊಂದುತ್ತವೆಯೇ ಎಂದು ತೂಗಿ ನೋಡುತ್ತಿದ್ದ. ತವರಿನಿಂದ ಬಂದ ಫೋನಿನಲ್ಲಿ ಹೆಂಡತಿ ಪುಟ್ಟತಾಯಮ್ಮ ದನಿ ತಗ್ಗಿಸಿದರೆ ಅವನ ತಲೆ ಆ ಕಡೆ ವಾಲುತ್ತಿತ್ತು.

“ನಾನೇನು ಕಳ್ಳಿಯಾ? ಅಮ್ಮಂಗೆ ಭೇದಿ ಅಂತೆ, ಕೂಗಿ ಹೇಳ್ಬೇಕಿತ್ತಾ?” ಎಂದು ಅವಳು ರೇಗುತ್ತಿದ್ದಳು.

“ಕೇಳ್ದೆ ಕಣೇ, ಅಷ್ಟೇ.”

“ನೀವು ಕೇಳೋದು ಅಷ್ಟೇ ಅಲ್ಲ. ಕೇಳಿಸ್ಕೊಂಡ್‌ಬುಟ್ಟು ನಂಬಲ್ಲ, ಅದೇ ಕಾಯಿಲೆ.”

ಎರಡು ಸಾವಿರದ ಎರಡನೇ ಇಸವಿಯ ಬೇಸಿಗೆ. ದೇಶದ ಗಡಿಯಲ್ಲಿ ಸೈನ್ಯ ಬಂದು ನಿಂತಿತ್ತು. ಊರಲ್ಲಿ ಬೀದಿಗೊಂದರಂತೆ ಸೈಬರ್ ಸೆಂಟರುಗಳು ಎದ್ದಿದ್ದವು. ಅಲ್ಲಿ ಯಾರು ಯಾರಿಗೆ ಏನು ಬರೆಯುತ್ತಾರೋ ದೇವರೇ ಬಲ್ಲ, ಸ್ವಲ್ಪ ಕಣ್ಣಿಡಿ ಎಂದು ಸಾಹೇಬರು ಹೇಳಿದರು. ಕಂಪ್ಯೂಟರ್ ಎಂದರೆ ಟೀವಿಗೆ ಟೈಪ್‌ರೈಟರ್ ಕಟ್ಟಿದ್ದು ಎನ್ನುವಷ್ಟು ಮಾತ್ರ ತಿಳಿದಿದ್ದ ಚೆಲುವರಾಜು ಲಕ್ಷ್ಮೀಪುರಂನ ಒಂದು ಸೆಂಟರಿನ ಮಾಲೀಕ ಶಿವಕಿರಣ್‌ನ ಪರಿಚಯ ಮಾಡಿಕೊಂಡ. ಶಿವಕಿರಣ್ ಮೂವತ್ತರ ಆಸುಪಾಸಿನವನು, ಬಾಯಿ ತುಂಬ ಮಾತು, ಪೊಲೀಸರೆಂದರೆ ಒಳಗೊಳಗೇ ಹೆದರಿಕೆ. ಏನಾದರೊಂದು ಸುದ್ದಿ ಕೊಟ್ಟರೆ ತನ್ನ ತಂಟೆಗೆ ಬರಲಾರರು ಎಂಬ ಲೆಕ್ಕದಲ್ಲಿ ಅವನೊಂದು ದಿನ ಮೇಜಿನ ಡ್ರಾಯರಿನಿಂದ ಎರಡು ಹಾಳೆ ತೆಗೆದ.

“ಸಾರ್, ಇದನ್ನ ನೋಡಿ. ಒಬ್ರು ಹೆಂಗಸು ಪ್ರತಿ ಶನಿವಾರ ಬರ್ತಾರೆ. ಇಂಥದ್ದೇ ಪ್ರಿಂಟ್ ತಗೋತಾರೆ. ಯಾರಾದ್ರೂ ಹತ್ರ ಹೋದ್ರೆ ಸೆರಗಲ್ಲಿ ಮುಚ್ಕೋತಾರೆ. ಶಾಯಿ ಸರಿಯಾಗಿ ಬೀಳ್ಲಿಲ್ಲ ಅಂತ ಬಿಟ್ಟುಹೋದ ಹಾಳೆಗಳು ಇವು.”

ಚೆಲುವರಾಜು ಹಾಳೆ ಹಿಡಿದು ನೋಡಿದ. ಇಡೀ ಪುಟದಲ್ಲಿ ಒಂದು ಪದವಿಲ್ಲ, ಒಂದು ವಾಕ್ಯವಿಲ್ಲ. ಇಂಗ್ಲಿಷ್ ಅಕ್ಷರಗಳು, ಅಂಕಿಗಳು, ನಡುನಡುವೆ ಕೂಡುವ ಗುರುತು, ಓರೆ ಗೀಟು, ಎಲ್ಲ ಒಂದಕ್ಕೊಂದು ಅಂಟಿಕೊಂಡು, ಇಟ್ಟಿಗೆ ಜೋಡಿಸಿದ ಹಾಗೆ ಒಂದೇ ಉದ್ದದ ಸಾಲುಗಳಲ್ಲಿ ಕೂತಿದ್ದವು. ತಲೆಯ ಮೇಲಿನ ನಾಲ್ಕೈದು ಸಾಲುಗಳಲ್ಲಿ ಮಾತ್ರ ಓದಬಹುದಾದ ಪದಗಳಿದ್ದವು. ಅವನ್ನು ಓದಿದ ಮೇಲೆ ಅವನ ಬೆನ್ನು ನೆಟ್ಟಗಾಯಿತು.

ಒಂದು ಕಡೆ ಬೌಂಡರಿ ಎಂದಿತ್ತು. ಬೌಂಡರಿ ಎಂದರೆ ಗಡಿ. ಅದರ ಮುಂದೆ ಉದ್ದನೆಯ ನಂಬರು. ಕೆಳಗೆ ಟ್ರಾನ್ಸ್‌ಫರ್ ಎಂದಿತ್ತು. ಅಟ್ಯಾಚ್‌ಮೆಂಟ್ ಎಂದಿತ್ತು, ಅದು ಕೋರ್ಟಿನ ಭಾಷೆಯಲ್ಲಿ ಜಪ್ತಿ. ಎಲ್ಲಕ್ಕಿಂತ ಹೆಚ್ಚಾಗಿ ಬೇಸ್ ಎಂಬ ಪದ, ಅದಕ್ಕೆ ಅಂಟಿಕೊಂಡೇ ಅರವತ್ತನಾಲ್ಕು ಎಂಬ ಅಂಕಿ. ಬೇಸ್ ಎಂದರೆ ಸೈನ್ಯದ ನೆಲೆ. ಅರವತ್ತನಾಲ್ಕನೇ ನೆಲೆ ಎಲ್ಲಿದೆಯೋ!

“ಇದನ್ನ ಬೇರೆ ಯಾರಿಗಾದ್ರೂ ತೋರ್ಸಿದ್ದೀರಾ?”

“ಇಲ್ಲ ಸಾರ್.”

“ತೋರಿಸ್ಬೇಡಿ.”

ಮನೆಗೆ ಹೋಗಿ ಎರಡು ಹಾಳೆಗಳನ್ನೂ ಅಕ್ಕಪಕ್ಕ ಹಾಸಿಕೊಂಡು ಕೂತ. ಅವು ಬೇರೆ ಬೇರೆ ವಾರದವು. ಆದರೂ ಅಕ್ಷರಗಳ ರಾಶಿ ಎರಡರಲ್ಲೂ ಒಂದೇ ರೀತಿ ಶುರುವಾಗುತ್ತಿತ್ತು: ಸೊನ್ನೆ, ಎಂ, ಎಂಟು, ಆರ್, ನಾಲ್ಕು. ಇದು ಗುರುತು ಹೇಳಿಕೊಳ್ಳುವ ಕರೆ ಇರಬೇಕು ಎಂದುಕೊಂಡ. ಒಂದು ಹಾಳೆಯ ಕೊನೆಯಲ್ಲಿ ಎರಡು ಸಮಚಿಹ್ನೆಗಳು ಜೊತೆಯಾಗಿ ನಿಂತಿದ್ದವು. ಅದು ಮುಗಿಯಿತೆಂಬ ಸನ್ನೆ. ಪುಟ್ಟತಾಯಮ್ಮ ಇಣುಕಿ, “ಏನ್ರೀ ಇದು, ಮಂತ್ರವಾ?” ಎಂದಳು. ಅವನು ಹಾಳೆಗಳನ್ನು ಅಂಗೈಯಲ್ಲಿ ಮುಚ್ಚಿದ.

ಆಗಲೇ ಸಾಹೇಬರಿಗೆ ಕೊಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಆದರೆ ಇಷ್ಟು ವರ್ಷದ ಕೆಲಸದಲ್ಲಿ ಅವನ ಕೈಗೆ ಇಂಥದ್ದೊಂದು ಸಿಕ್ಕಿರಲಿಲ್ಲ. ಅರ್ಧಂಬರ್ಧ ಕೊಟ್ಟರೆ ಬೇರೆ ಯಾರೋ ಹೆಸರು ತಗೊಳ್ಳುತ್ತಾರೆ, ಮೊದಲು ಆಕೆ ಯಾರೆಂದು ತಿಳಿಯೋಣ ಎಂದುಕೊಂಡ.

ಮುಂದಿನ ಶನಿವಾರ ರಸ್ತೆಯ ಆಚೆ ಬದಿಯ ಬೀಡಾ ಅಂಗಡಿಯ ಹತ್ತಿರ ನಿಂತು ಕಾದ. ನಲವತ್ತೈದರ ಹೆಂಗಸು, ಹತ್ತಿ ಸೀರೆ, ಹೆಗಲಿಗೆ ಬಟ್ಟೆ ಚೀಲ, ನಡೆಯುವಾಗ ಒಂದು ಕಾಲನ್ನು ಸ್ವಲ್ಪ ಎಳೆಯುತ್ತಿದ್ದಳು. ಹೊರಗೆ ಬಂದವಳು ಮಡಿಸಿದ ಹಾಳೆಗಳನ್ನು ಚೀಲದ ತಳಕ್ಕೆ ತುರುಕಿ, ಎಡಕ್ಕೆ ಬಲಕ್ಕೆ ನೋಡಿ ಹೊರಟಳು. ಆ ನೋಟವೇ ಚೆಲುವರಾಜುವಿಗೆ ಸಾಕಾಯಿತು. ಎರಡು ಅಡ್ಡರಸ್ತೆ ದಾಟಿ, ಒಂದು ಹಳೆಯ ಮನೆಯ ಪಕ್ಕದ ಬಾಗಿಲಿನಿಂದ ಆಕೆ ಒಳಗೆ ಹೋಗುವವರೆಗೂ ಹಿಂಬಾಲಿಸಿದ.

ಮನೆಯ ಯಜಮಾನರು ಕರಿಬಸವಯ್ಯ. ಸಂತೆಪೇಟೆಯಲ್ಲಿ ಕೊಬ್ಬರಿ ಮಂಡಿ ಇಟ್ಟು, ಈಗ ಅದನ್ನು ಅಳಿಯನಿಗೆ ಬಿಟ್ಟು, ಹಣೆ ತುಂಬ ವಿಭೂತಿ ಧರಿಸಿ ಜಗಲಿಯಲ್ಲಿ ಪೇಪರು ಓದುತ್ತಾ ಕೂರುವವರು. ಚೆಲುವರಾಜು ತನ್ನ ಗುರುತಿನ ಚೀಟಿ ತೋರಿಸಿ ಪಕ್ಕದಲ್ಲಿ ಕೂತ.

“ಪಕ್ಕದ ಭಾಗದಲ್ಲಿ ಇರೋರು ಎಂಥೋರು ಸ್ವಾಮಿ?”

“ಅಂಬುಜಾ ಅಂತ. ರೇಷ್ಮೆ ಸೀರೆಗೆ ಕುಚ್ಚು ಕಟ್ತಾರೆ. ಒಬ್ರೇ ಇರೋದು. ಯಾಕೆ, ಏನಾಯ್ತು?”

“ಏನಿಲ್ಲ, ಸುಮ್ನೆ ಕೇಳ್ದೆ. ಯಾರ್ಯಾರು ಬಂದು ಹೋಗ್ತಾರೆ?”

“ಸೀರೆ ಕೊಡೋಕೆ ಹೆಂಗಸರು ಬರ್ತಾರೆ…” ಕರಿಬಸವಯ್ಯನವರ ಕೈಯಲ್ಲಿದ್ದ ಪೇಪರು ಕೆಳಗಿಳಿಯಿತು. “ಎಲ್ಲಾರೂ ಸೀರೆ ಕೊಡೋಕೇ ಬರ್ತಾರೋ ಇಲ್ಲವೋ ನಾನೆಲ್ಲಿ ನೋಡ್ಲಿ?”

“ನಾನು ಬಂದಿದ್ದು ಅವರಿಗೆ ಹೇಳ್ಬೇಡಿ.”

ಇಷ್ಟೇ ಆದದ್ದು. ಚೆಲುವರಾಜು ಎದ್ದು ಬಂದ. ತಾನು ಏನೂ ಹೇಳಿಲ್ಲ, ಬರೀ ಕೇಳಿದ್ದೇನೆ ಎಂದೇ ಅವನ ಭಾವನೆ.

ಸೋಮವಾರ ಸಾಹೇಬರ ಮುಂದೆ ಹಾಳೆಗಳನ್ನಿಟ್ಟ. ಅವರು ತಿರುಗಿಸಿ ಮುರುಗಿಸಿ ನೋಡಿ, “ನನಗೂ ಅರ್ಥವಾಗಲ್ಲ. ಮೇಲಕ್ಕೆ ಕಳಿಸಿ ಆಮೇಲೆ ನಗೆಪಾಟಲಾದ್ರೆ? ಮೊದಲು ತಿಳಿದೋರ ಹತ್ರ ಓದಿಸ್ಕೊಂಡು ಬಾ,” ಎಂದರು.

ತಿಳಿದವರು ಸೈಬರ್ ಸೆಂಟರಿನ ಮಹಡಿಯ ಮೇಲೇ ಇದ್ದರು. ಅಲ್ಲಿ ಕಂಪ್ಯೂಟರ್ ತರಗತಿ ನಡೆಸುತ್ತಿದ್ದ ಶಿಲ್ಪಶ್ರೀ ಎಂಬ ಅಧ್ಯಾಪಕಿಯ ಮುಂದೆ ಶಿವಕಿರಣ್ ಅವನನ್ನು ಕೂರಿಸಿದ. ಗಡಿ, ಸೈನ್ಯದ ನೆಲೆ, ಗುಟ್ಟಿನ ಭಾಷೆ ಎಂದು ಚೆಲುವರಾಜು ತನ್ನ ಅನುಮಾನ ಹೇಳಿದ. ಆಕೆ ಹಾಳೆ ನೋಡಿದ ಕೂಡಲೇ ಹೇಳಿದಳು:

“ಇದು ಗುಟ್ಟಿನ ಭಾಷೆ ಅಲ್ಲ ಸಾರ್. ಬಿಚ್ಚದೇ ಇರೋ ಕಟ್ಟು ಅಷ್ಟೇ.”

“ಕಟ್ಟು ಅಂದ್ರೆ?”

“ಇಮೇಲ್ ಹುಟ್ಟಿದ್ದು ಬರೀ ಇಂಗ್ಲಿಷ್ ಅಕ್ಷರ, ಅಂಕಿ ಸಾಗಿಸೋಕೆ. ಅದನ್ನ ಸಾದಾ ಬರಹ ಅಂತೀವಿ. ಬರೆದದ್ದು ಬರೆದ ಹಾಗೇ ಹೋಗುತ್ತೆ, ಯಾರು ಬೇಕಾದ್ರೂ ಓದಬಹುದು. ಫೋಟೋ, ಹಾಡು, ವರ್ಡ್ ಫೈಲು ಇವೆಲ್ಲ ಆ ದಾರೀಲಿ ಹಾಗೇ ಹೋದ್ರೆ ಕೆಟ್ಟುಹೋಗುತ್ತೆ. ಅದಕ್ಕೆ ಅವನ್ನೂ ಅಕ್ಷರಗಳ ವೇಷ ಹಾಕಿ ಕಳಿಸ್ತಾರೆ. ದೊಡ್ಡಕ್ಷರ ಇಪ್ಪತ್ತಾರು, ಚಿಕ್ಕಕ್ಷರ ಇಪ್ಪತ್ತಾರು, ಅಂಕಿ ಹತ್ತು, ಒಂದು ಕೂಡೋ ಗುರುತು, ಒಂದು ಓರೆ ಗೀಟು. ಎಷ್ಟಾಯ್ತು?”

ಚೆಲುವರಾಜು ಬೆರಳು ಮಡಿಸಿದ. ಅರವತ್ತನಾಲ್ಕಾಯಿತು.

“ಅದೇ ನಿಮ್ಮ ಅರವತ್ತನಾಲ್ಕು. ನೆಲೆ ಗಿಲೆ ಅಲ್ಲ. ಬೌಂಡರಿ ಅಂದ್ರೆ ಕಾಗದದ ಒಂದು ಭಾಗ ಮುಗಿದು ಇನ್ನೊಂದು ಶುರುವಾಗೋ ಗೆರೆ. ಕೊನೇ ಸಮಚಿಹ್ನೆಗಳು ಮಿಕ್ಕ ಜಾಗ ತುಂಬಿಸೋಕೆ. ವರ್ಡ್ ಫೈಲು ಎಲ್ಲವೂ ಶುರುವಾಗೋದೇ ಸೊನ್ನೆ, ಎಂ, ಎಂಟು ಅಂತ.”

“ಹಂಗಾದ್ರೆ ಬೇರೆಯೋರ ಕಂಪ್ಯೂಟರ್‌ನಲ್ಲಿ ಯಾಕೆ ಹಿಂಗೆ ಕಾಣಲ್ಲ?”

“ಅಲ್ಲಿ ಕಂಪ್ಯೂಟರೇ ಬಿಚ್ಚಿ ಕೊಡುತ್ತೆ. ಹೇಗೆ ಬಿಚ್ಚಬೇಕು ಅನ್ನೋ ಸಾಲುಗಳು ಲಕೋಟೆ ಮೇಲೆ ಇರಬೇಕು. ಕಳಿಸಿದ ಕಡೆ ಯಾವುದೋ ಹಳೇ ಮೆಷಿನ್ನು ಆ ಸಾಲುಗಳನ್ನ ಲಕೋಟೆ ಒಳಕ್ಕೆ ತಳ್ಳಿಬಿಟ್ಟಿದೆ. ಅದಕ್ಕೆ ಈ ಕಡೆಯ ಕಂಪ್ಯೂಟರು ಇದೂ ಸಾದಾ ಬರಹಾನೇ ಅಂದ್ಕೊಂಡು ಹಾಗೇ ತೋರಿಸ್ತಾ ಇದೆ.”

ಚೆಲುವರಾಜು ಆಕೆಯ ಮುಖವನ್ನೇ ನೋಡಿದ. ಇಷ್ಟು ಸಲೀಸಾಗಿ ಹೇಳುತ್ತಾಳಲ್ಲ, ಈಕೆಗೂ ಆ ಹೆಂಗಸಿಗೂ ಪರಿಚಯವಿದೆಯೋ ಏನೋ.

“ಒಳಗೇನಿದೆ ಅಂತ ನೋಡ್ದೇನೇ ಗುಟ್ಟಲ್ಲ ಅಂತ ಹೆಂಗೆ ಹೇಳ್ತೀರಿ?”

ಶಿಲ್ಪಶ್ರೀ ಹಾಳೆ ಕೆಳಗಿಟ್ಟಳು. “ಅದು ನಿಜ. ಕಟ್ಟಿದ ರೀತೀಲಿ ಗುಟ್ಟಿಲ್ಲ ಅಂತ ಮಾತ್ರ ನಾನು ಹೇಳಬಲ್ಲೆ. ಒಳಗೇನಿದೆ ಅಂತ ಬಿಚ್ಚಿದ ಮೇಲೇ ಗೊತ್ತಾಗೋದು. ಅದಕ್ಕೆ ಈ ಹಾಳೆ ಸಾಲದು, ಅವರ ಮೇಲ್ ಬಾಕ್ಸೇ ಬೇಕು.”

ಶನಿವಾರ ಅಂಬುಜಾ ಬಂದಾಗ ಚೆಲುವರಾಜು ಅವಳ ಪಕ್ಕದ ಕಂಪ್ಯೂಟರಿನ ಮುಂದೆ ಕೂತಿದ್ದ. ಅದರಲ್ಲಿ ಯಾರೋ ಬಿಟ್ಟುಹೋದ ಇಸ್ಪೀಟಿನ ಆಟ ಇತ್ತು. ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತಿ ಮೇಲ್ ತೆರೆದಳು. ಪರದೆಯ ಮೇಲೆ ಅದೇ ಇಟ್ಟಿಗೆ ಗೋಡೆ ಎದ್ದಿತು. ಅವಳು ಅದರ ಕಡೆ ಬಹಳ ಹೊತ್ತು ನೋಡುತ್ತಿದ್ದಳು. ಓದುವವರು ನೋಡುವ ರೀತಿ ಅದಲ್ಲ ಎಂದು ಚೆಲುವರಾಜುವಿಗೆ ಅನ್ನಿಸಿತು. ಅವಳ ಕಣ್ಣು ಸಾಲಿನ ಮೇಲೆ ಓಡುತ್ತಲೇ ಇರಲಿಲ್ಲ. ಆದರೂ ಅವನು ಬಿಡಲಿಲ್ಲ.

“ಅಮ್ಮಾ, ಇದು ಯಾರು ಕಳಿಸೋದು?”

ಅವಳು ಬೆಚ್ಚಿ ಸೆರಗನ್ನು ಪರದೆಗೆ ಅಡ್ಡ ಹಿಡಿದಳು. “ನೀವು ಯಾರು?”

“ಪೊಲೀಸು. ಗಾಬರಿ ಆಗ್ಬೇಡಿ. ಇದ್ರಲ್ಲಿ ಏನು ಬರ್ದಿದೆ ಅಂತ ಹೇಳ್ಬುಡಿ, ಸಾಕು.”

“ನಮ್ಮಣ್ಣನಿಗೆ ಬುದ್ಧಿ ಕೆಟ್ಟಿಲ್ಲ,” ಎಂದವಳು ಅಳತೊಡಗಿದಳು.

ಶಿವಕಿರಣ್ ನೀರು ತಂದುಕೊಟ್ಟ. ಸುಧಾರಿಸಿಕೊಂಡು ಅವಳು ಹೇಳಿದ್ದು ಇಷ್ಟು. ಅಣ್ಣ ಬಿಂದುಮಾಧವ ದೂರದ ಭಿಲಾಯಿಯಲ್ಲಿ ಉಕ್ಕಿನ ಕಾರ್ಖಾನೆಯಲ್ಲಿದ್ದವನು. ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದವು. ಕಳೆದ ಚಳಿಗಾಲದಲ್ಲಿ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು, ಮಾತೂ ನಿಂತಿತು. ಫೋನು ಮಾಡಿದರೆ ಆ ಕಡೆಯಿಂದ ಆ, ಆ ಎಂಬ ಸದ್ದು ಬಿಟ್ಟು ಏನೂ ಇಲ್ಲ. ಅದನ್ನು ಕೇಳಲಾರದೆ ಫೋನು ಮಾಡುವುದನ್ನೇ ಬಿಟ್ಟಳು. ಅಣ್ಣ ಕಂಪ್ಯೂಟರಿನಲ್ಲಿ ಬರೆಯುತ್ತಾನೆ, ಒಂದು ಇಮೇಲ್ ವಿಳಾಸ ಮಾಡಿಕೊಳ್ಳಿ ಎಂದು ಅವನ ಪಕ್ಕದ ಕ್ವಾರ್ಟರ್ಸಿನವರು ತಿಳಿಸಿದರು. ಬರೆದದ್ದನ್ನು ಅವರೇ ತಮ್ಮ ಆಫೀಸಿನಿಂದ ಕಳಿಸುತ್ತಿದ್ದರು. ಆಸೆಯಿಂದ ತೆರೆದು ನೋಡಿದರೆ ಇದು.

“ಕೈಗೆ ಸಿಕ್ಕ ಕೀ ಎಲ್ಲ ಒತ್ತುತ್ತಾ ಇದ್ದಾನೆ ಅಂದ್ಕೊಂಡೆ. ಯಾರಿಗೆ ತೋರಿಸಲಿ? ತೋರಿಸಿದರೆ ತಲೆ ಹೋಗಿದೆ ಅಂತಾರೆ, ಎಲ್ಲಿಗಾದರೂ ಸೇರಿಸಿ ಅಂತಾರೆ. ಕಾಗದ ತಲುಪಿತು, ಆರೋಗ್ಯ ನೋಡಿಕೋ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಕಳಿಸುತ್ತೀನಿ. ಎಷ್ಟಾದರೂ ಅವನ ಕೈಯಿಂದ ಬಂದದ್ದು ಅಂತ ಇದನ್ನ ಪ್ರಿಂಟ್ ಮಾಡಿಸಿ ಇಟ್ಟುಕೊಳ್ಳುತ್ತೀನಿ.”

ಚೆಲುವರಾಜು ಇಂಥ ಕಥೆಗಳನ್ನು ಎಷ್ಟೋ ಕೇಳಿದ್ದವನು. ಅಳುವವರೆಲ್ಲ ನಿಜ ಹೇಳುತ್ತಾರೆಂದು ನಂಬಿದವನಲ್ಲ. ಅವನು ಮಹಡಿಗೆ ಹೋಗಿ ಶಿಲ್ಪಶ್ರೀಯನ್ನು ಕರೆತಂದ.

ಶಿಲ್ಪಶ್ರೀ ಅಂಬುಜಾಳನ್ನು ಕೇಳಿ, ಅವಳು ತಲೆಯಾಡಿಸಿದ ಮೇಲೆಯೇ ಕಂಪ್ಯೂಟರು ಮುಟ್ಟಿದಳು. ಪರದೆಯ ಮೇಲಿದ್ದುದನ್ನೆಲ್ಲ ಬೇರೆ ಕಡೆ ಇಳಿಸಿಕೊಂಡು, ಒಳಗೆ ಸಿಕ್ಕಿಹಾಕಿಕೊಂಡಿದ್ದ ಸಾಲುಗಳು ತುತ್ತತುದಿಗೆ ಬರುವಂತೆ ಮಾಡಿ, ಮತ್ತೆ ತೆರೆದಳು. ಈ ಸಲ ಪುಟ್ಟದೊಂದು ಫೈಲು ಕಾಣಿಸಿತು. ಅದನ್ನು ಒತ್ತಿದರೆ ಇನ್ನೊಂದು ಬಗೆಯ ಕಲಸುಮೇಲೋಗರ ಬಂತು, ತಲೆಯ ಮೇಲೆ ಚುಕ್ಕೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು.

“ನೋಡಿದ್ರಾ?” ಎಂದ ಚೆಲುವರಾಜು. ಅವನ ದನಿಯಲ್ಲಿ ಗೆದ್ದವನ ಗತ್ತಿತ್ತು.

“ಇರಿ ಸಾರ್. ಇದು ಕನ್ನಡದಲ್ಲಿ ಟೈಪ್ ಮಾಡಿರೋದು. ಈ ಮೆಷಿನ್ನಲ್ಲಿ ಆ ಕನ್ನಡ ಅಕ್ಷರಗಳಿಲ್ಲ.” ಮೇಲಿನಿಂದ ಒಂದು ಫ್ಲಾಪಿ ತಂದು ಹಾಕಿದಳು. ಸ್ವಲ್ಪ ಹೊತ್ತು ಏನೇನೋ ಮಾಡಿ, ಸಾಲುಗಳನ್ನೆಲ್ಲ ಒಟ್ಟಿಗೆ ಗುರುತು ಮಾಡಿ, ಒಂದು ಗುಂಡಿ ಒತ್ತಿದಳು. ಇಡೀ ಪುಟ ಒಮ್ಮೆಲೇ ಕನ್ನಡವಾಯಿತು.

ಅಂಬುಜಾ ಮುಂದಕ್ಕೆ ಬಾಗಿದಳು. ಮೊದಲ ಸಾಲಿನ ಮೇಲೆ ಬೆರಳಿಟ್ಟು, ನೀವೇ ಓದಿ ಎಂದಳು. ಶಿಲ್ಪಶ್ರೀ ಮೆಲ್ಲಗೆ ಓದಿದಳು.

“ಅಂಬೂ, ಬಲಗೈ ಇನ್ನೂ ಬಂದಿಲ್ಲ. ಎಡಗೈಯ ಒಂದು ಬೆರಳಿನಲ್ಲಿ ಬರೆಯುತ್ತಿದ್ದೇನೆ. ಇಲ್ಲಿಯ ಅಡುಗೆಯವನು ಸಾರಿಗೆ ಸಾಸಿವೆ ಎಣ್ಣೆಯಲ್ಲಿ ಒಗ್ಗರಣೆ ಹಾಕುತ್ತಾನೆ. ಬೈಯೋಣವೆಂದರೆ ಬಾಯಿಲ್ಲ. ನಿನ್ನ ಮೊಣಕಾಲು ಹೇಗಿದೆ ಎಂದು ಪ್ರತಿ ಕಾಗದದಲ್ಲೂ ಕೇಳುತ್ತಿದ್ದೇನೆ, ನೀನು ಉತ್ತರವನ್ನೇ ಕೊಡುತ್ತಿಲ್ಲ. ತಲುಪಿತು ಎಂದಷ್ಟೇ ಬರೆಯುತ್ತೀಯೆ. ನಿಜವಾಗಿ ಓದುತ್ತಿದ್ದೀಯಾ? ಅಥವಾ ಇವನಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ತಿಳಿದು ಸಮಾಧಾನ ಮಾಡುತ್ತಿದ್ದೀಯಾ? ನನಗೆ ಅನುಮಾನ ಬರುತ್ತಿದೆ.”

ಅಂಬುಜಾ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ಎಲ್ಲರೂ ತಿಳಿದರು. ಕೈ ತೆಗೆದಾಗ ನೋಡಿದರೆ ನಗುತ್ತಿದ್ದಳು. “ಸಾಸಿವೆ ಎಣ್ಣೆಯಂತೆ! ಇವನು ಇದ್ದ ಹಾಗೇ ಇದ್ದಾನೆ, ನೋಡಿ. ಊಟದ ಮೇಲೆ ತಕರಾರು ತೆಗೆಯದ ದಿನವಿಲ್ಲ.” ಉಳಿದ ಕಾಗದಗಳನ್ನೂ ತೆರೆದರು. ಒಂದರಲ್ಲಿ ಕ್ರಿಕೆಟ್ಟು, ಒಂದರಲ್ಲಿ ಪಿಂಚಣಿ ಕಚೇರಿಯ ಗುಮಾಸ್ತನ ಮೇಲೆ ಕೋಪ. ಎಲ್ಲದರಲ್ಲೂ ಮೊಣಕಾಲು. ಉತ್ತರ ಬರೆಯಲು ಕೂತವಳಿಗೆ ಕನ್ನಡದ ಕೀಗಳು ಎಲ್ಲಿವೆಯೆಂದು ಶಿಲ್ಪಶ್ರೀ ತೋರಿಸಿದಳು.

ಚೆಲುವರಾಜು ಸದ್ದಿಲ್ಲದೆ ಹೊರಗೆ ಬಂದ. ಅನುಮಾನ ಇಷ್ಟು ಬರಿದಾಗಿ ಹೋದದ್ದು ಅವನಿಗೆ ಹೊಸದು. ಸಾಹೇಬರಿಗೆ ಸುದ್ದಿ ಹೇಳಿದ. ಅವರು ನಕ್ಕು, “ಸದ್ಯ, ಮೇಲಕ್ಕೆ ಕಳಿಸಲಿಲ್ಲ,” ಎಂದು ಹಾಳೆಗಳನ್ನು ಹರಿದು ಬುಟ್ಟಿಗೆ ಹಾಕಿದರು. ಅಲ್ಲಿಗೆ ಮುಗಿಯಿತೆಂದು ಅವನು ಅಂದುಕೊಂಡ.

ಮುಗಿದಿರಲಿಲ್ಲ. ಕೆಲವು ದಿನಗಳ ಮೇಲೆ ಸೆಂಟರಿನ ಹತ್ತಿರ ಅಂಬುಜಾಳೇ ಅವನನ್ನು ನಿಲ್ಲಿಸಿದಳು.

“ನಮ್ಮ ಮನೆ ಯಜಮಾನರ ಹತ್ತಿರ ಬಂದಿದ್ದವರು ನೀವೇ ತಾನೆ?”

ಚೆಲುವರಾಜು ತಲೆ ಕೆಳಗೆ ಹಾಕಿದ.

“ಮನೆ ಖಾಲಿ ಮಾಡಿ ಅಂದರು. ಮಗಳು ಬರುತ್ತಾಳೆ ಅಂತ ನೆವ. ಸೀರೆ ಕೊಡುವವರೂ ಎದುರು ಮನೆಗಳವರೂ ನನ್ನನ್ನ ನೋಡಿದರೆ ಮಾತು ನಿಲ್ಲಿಸುತ್ತಾರೆ. ಏನು ಹೇಳಿದಿರಿ ನೀವು?”

“ಏನೂ ಹೇಳ್ಲಿಲ್ಲ ತಾಯಿ. ಕೇಳಿದ್ದು ಅಷ್ಟೇ.”

“ಪೊಲೀಸರು ಕೇಳುವುದು ಅಂದರೆ ಹೇಳಿದ ಹಾಗೇ ಅಲ್ಲವೆ?” ಎಂದು ಹೊರಟುಹೋದಳು.

ಸರಿಪಡಿಸಿಯೇ ಬಿಡುತ್ತೇನೆಂದು ಅವನು ಟ್ರಂಕಿನಿಂದ ಖಾಕಿ ತೆಗೆದು, ಇಸ್ತ್ರಿ ಮಾಡಿಸಿ, ಮರುದಿನ ಬೆಳಿಗ್ಗೆ ಕರಿಬಸವಯ್ಯನವರ ಜಗಲಿಗೆ ಹೋದ. ಸಮವಸ್ತ್ರದಲ್ಲಿ ಹೇಳಿದರೆ ಮಾತಿಗೆ ತೂಕ ಬರುತ್ತದೆಂದು ಅವನ ಎಣಿಕೆ. ಆಕೆ ತಪ್ಪೇನೂ ಮಾಡಿಲ್ಲ, ಅದು ಕಂಪ್ಯೂಟರಿನ ಗೊಂದಲ, ಅಣ್ಣನ ಕಾಗದಗಳು ಎಂದು ಬಿಡಿಸಿ ಹೇಳಿದ. ಕರಿಬಸವಯ್ಯ ಎಲ್ಲಕ್ಕೂ ಹೂಂಗುಟ್ಟಿದರು. ಬೀದಿಯ ಉದ್ದಕ್ಕೂ ಕಿಟಕಿಗಳು ತೆರೆದವು. ಮೊದಲ ಸಲ ಮಫ್ತಿಯಲ್ಲಿ ಬಂದಿದ್ದವನು ಈಗ ಡ್ರೆಸ್ಸಿನಲ್ಲೇ ಬಂದಿದ್ದಾನೆಂದರೆ ವಿಷಯ ದೊಡ್ಡದೇ ಎಂದು ಬೀದಿಗೆ ಖಾತ್ರಿಯಾಯಿತು.

ಆ ಸಂಜೆ ಅವನು ಊಟ ಬಿಟ್ಟದ್ದನ್ನು ನೋಡಿ ಪುಟ್ಟತಾಯಮ್ಮ ಕೆದಕಿ ಕೆದಕಿ ಎಲ್ಲ ಹೊರಗೆಳೆದಳು. ಅವಳು ಬೈಯಲಿಲ್ಲ. ತನ್ನ ಮದುವೆಯ ರೇಷ್ಮೆ ಸೀರೆ ತೆಗೆದು ಕವರಿಗೆ ಹಾಕಿಕೊಂಡಳು.

“ಎಲ್ಲಿಗೆ?”

“ಕುಚ್ಚು ಕಟ್ಸೋಕೆ. ನೀವು ಬರ್‌ಬ್ಯಾಡಿ. ನೀವು ಹೋದಷ್ಟೂ ಆ ಯಮ್ಮಂಗೆ ಕಷ್ಟ ಜಾಸ್ತಿ.”

ಪುಟ್ಟತಾಯಮ್ಮ ಸೀರೆ ಕೊಟ್ಟಳು, ತಾನು ಯಾರ ಹೆಂಡತಿಯೆಂದೂ ಹೇಳಿದಳು. ಅಂಬುಜಾ ಸೀರೆಯನ್ನು ಹಿಂದಕ್ಕೆ ಕೊಟ್ಟಳಂತೆ. ಇವಳು ಅಲ್ಲೇ ಹೊಸ್ತಿಲ ಹತ್ತಿರ ಕೂತುಬಿಟ್ಟಳಂತೆ. ಏನು ಮಾತಾಡಿಕೊಂಡರೋ ಚೆಲುವರಾಜುವಿಗೆ ಅವಳು ಎಂದೂ ಹೇಳಲಿಲ್ಲ, ಅವನೂ ಎರಡನೇ ಸಲ ಕೇಳಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಪುಟ್ಟತಾಯಮ್ಮನೇ ಓಡಾಡಿ ಜಯಲಕ್ಷ್ಮಿಪುರಂನಲ್ಲಿ ಇಂದ್ರಮ್ಮ ಎಂಬ ನಿವೃತ್ತ ನರ್ಸ್ ಒಬ್ಬರ ಹಿತ್ತಲ ಮನೆ ಹುಡುಕಿದಳು. ಸಾಮಾನು ಸಾಗಿಸುವ ದಿನ ಚೆಲುವರಾಜು ಲುಂಗಿ ಕಟ್ಟಿಕೊಂಡು ಹೋಗಿ ಬೀರು ಹೊತ್ತ. ಅಂಬುಜಾ ಅವನಿಗೂ ಕಾಫಿ ಕೊಟ್ಟಳು. ಲೋಟವನ್ನು ಅವನ ಮುಂದಿಟ್ಟು ಒಳಗೆ ಹೋದಳು.

ಅವಳಿಗೆ ಅಲ್ಲಿ ಹೊಸದಾಗಿ ಗಿರಾಕಿಗಳನ್ನು ಹುಡುಕಿಕೊಳ್ಳಲು ವರ್ಷವೇ ಹಿಡಿಯಿತು. ಭಿಲಾಯಿಯ ಪಕ್ಕದ ಮನೆಯವರಿಗೆ ಶಿಲ್ಪಶ್ರೀ ಬರೆದು ತಿಳಿಸಿದ ಮೇಲೆ ಬಿಂದುಮಾಧವನ ಕಾಗದಗಳು ನೆಟ್ಟಗೆ ಬರತೊಡಗಿದವು. ಮೂರು ವರ್ಷದ ನಂತರ ಅವನು ಗಾಲಿ ಕುರ್ಚಿಯಲ್ಲಿ ರೈಲು ಇಳಿದು ತಂಗಿಯ ಮನೆಗೇ ಬಂದ. ಪುಟ್ಟತಾಯಮ್ಮ ಅಲ್ಲಿಗೆ ಹೋಗಿಬರುತ್ತಿದ್ದಳು. ಚೆಲುವರಾಜು ಗೇಟಿನವರೆಗೆ ಬಿಟ್ಟು ಬರುತ್ತಿದ್ದ. ಒಳಗೆ ಬನ್ನಿ ಎಂದು ಅಂಬುಜಾ ಒಂದು ಸಲವೂ ಕರೆಯಲಿಲ್ಲ, ಅವನು ಅದನ್ನು ತಪ್ಪೆಂದು ತಿಳಿಯಲೂ ಇಲ್ಲ.

ಕೆಲಸದಲ್ಲಿ ಅವನು ಬದಲಾದನೆಂದೇನೂ ಹೇಳಲಾಗದು. ಕಿವಿ ಮೊದಲಿನಂತೆಯೇ ಇತ್ತು. ಆದರೆ ಯಾರ ಮನೆ ಜಗಲಿಯಲ್ಲೂ ಸುಮ್ಮನೆ ಕೇಳ್ದೆ ಎಂದು ಕೂರುವುದನ್ನು ಬಿಟ್ಟ. ಅದರಿಂದ ಅವನ ಸುದ್ದಿಗಳು ಕಡಿಮೆಯಾದವು, ಬಡ್ತಿಯೂ ತಡವಾಯಿತು.

ನಿವೃತ್ತಿಯಾಗುವ ವರ್ಷ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಕರಿಬಸವಯ್ಯ ಎದುರಾದರು. ಬಹಳ ಇಳಿದುಹೋಗಿದ್ದರು, ಕೈಯಲ್ಲಿ ಕೋಲು ಬಂದಿತ್ತು. ಆದರೂ ಗುರುತು ಹಿಡಿದರು. ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದು, ದನಿ ತಗ್ಗಿಸಿ ಕೇಳಿದರು: “ಆ ಹೆಂಗಸಿನ ಕೇಸು ಕೊನೆಗೆ ಏನಾಯ್ತು?”

“ಕೇಸೇ ಇರ್ಲಿಲ್ಲ ಸ್ವಾಮಿ. ಅವತ್ತೇ ಹೇಳಿದ್ನಲ್ಲ. ಅವರಣ್ಣನ ಕಾಗದ ಅವು.”

ಕರಿಬಸವಯ್ಯ ಎಲ್ಲ ತಿಳಿದವರಂತೆ ಕಣ್ಣು ಮಿಟುಕಿಸಿದರು.

“ಗೊತ್ತು ಬುಡಿ. ನಿಮ್ಮ ಡಿಪಾರ್ಟ್‌ಮೆಂಟಲ್ಲಿ ಹೇಳಂಗಿಲ್ಲ, ಅಲ್ವಾ?”